ಎರಡು ಮನೆಗಳ ನಡುವಿನ ನದಿ

ಹಲಸೂರಿನಲ್ಲಿ ಮೆಟ್ರೊ ಹತ್ತಿ, ನಾನು ರೂಪಿಸುತ್ತಿರುವ ಆ್ಯಪನ್ನು ಫೋನಿನಲ್ಲಿ ಪರೀಕ್ಷಿಸುತ್ತ ಕೂತಿದ್ದೆ. ಎರಡು ಸಾಲು ಬರೆದರೆ ಸಾಕು, ಎಲ್ಲೂ ಇಲ್ಲದ ಊರಿನ ನಕ್ಷೆಯನ್ನು ಎಐ ಬಿಡಿಸಿಕೊಡುತ್ತದೆ.

ಪಕ್ಕದಲ್ಲಿದ್ದ ಹಿರಿಯ ಹೆಂಗಸು ಬಗ್ಗಿ ನೋಡಿದರು. "ಇದ್ಯಾವೂರಮ್ಮ?"

"ಎಲ್ಲೂ ಇಲ್ಲ ಆಂಟಿ. ನೀವು ಹೇಳಿದ ಹಾಗೆ ಬರುತ್ತೆ."

"ಹಾಗಾದ್ರೆ ನಮ್ಮನೆ, ಪಕ್ಕದಲ್ಲೇ ನನ್ನ ಗೆಳತಿ ಫಾತಿಮಾ ಮನೆ. ಹಿಂದೆ ಸಮುದ್ರ ಇರ್ಲಿ. ಅವಳು ಲಿಂಗರಾಜಪುರಕ್ಕೆ ಹೋದ್ಮೇಲೆ ಮಾತಾಡೋಕೇ ಯಾರೂ ಇಲ್ಲ."

ನೀಲಿ ಸಮುದ್ರ ನಿಧಾನವಾಗಿ ಮೂಡಿತು, ಎರಡು ಮನೆಗಳೂ ಬಂದವು. ಆದರೆ ನಡುವೆ ಅಗಲವಾದ ನದಿಯೊಂದು ಹರಿಯುತ್ತಿತ್ತು. ಮುಜುಗರದಿಂದ "ಅಳಿಸ್ತೀನಿ" ಅಂದೆ.

"ಬೇಡ, ಸೇತುವೆ ಹಾಕು. ಅರ್ಧ ಅವಳು ನಡೀಲಿ, ಅರ್ಧ ನಾನು ನಡೀತೀನಿ."

ಸೇತುವೆ ಮೂಡುವುದನ್ನೇ ನೋಡುತ್ತ ಕೂತೆವು. ತಲೆಯೆತ್ತಿದರೆ ಗರುಡಾಚಾರ್‌ಪಾಳ್ಯ ನಿಲ್ದಾಣ. ಎರಡು ನಿಲ್ದಾಣ ಹಿಂದೆಯೇ, ಕೆ.ಆರ್. ಪುರದಲ್ಲಿ ಇಳಿಯಬೇಕಿದ್ದ ನಾವಿಬ್ಬರೂ ದಾರಿ ತಪ್ಪಿದ್ದೆವು, ಕೈಯಲ್ಲಿ ನಕ್ಷೆ ಇಟ್ಟುಕೊಂಡೇ.