ನನ್ನ ಹಲ್ಲಿಗೆ ಎರಡು ಹುಂಡಿ

ಇಂಚರಾ, ಧ್ರುವಾ, ನಿಮ್ಮ ಅಜ್ಜಿಗೆ ರಾಗಿ ಮುದ್ದೆ ಎಂದರೆ ಪ್ರಾಣ ಎಂದು ನೀವು ಮನೆಗೆ ಬಂದವರಿಗೆಲ್ಲ ಹೇಳುತ್ತೀರಿ. ಅವರೂ ‘ಅಮೆರಿಕಕ್ಕೆ ಬಂದರೂ ಆಂಟಿ ಊರಿನ ಊಟ ಬಿಟ್ಟಿಲ್ಲ’ ಎಂದು ಮೆಚ್ಚಿಕೊಳ್ಳುತ್ತಾರೆ. ನಾನು ತಲೆ ತಗ್ಗಿಸಿ ಆ ಮೆಚ್ಚುಗೆಯನ್ನು ಸ್ವೀಕರಿಸುತ್ತ ಬಂದಿದ್ದೇನೆ. ನಿಜ ಹೇಳಬೇಕೆಂದರೆ, ಸುವಾನಿಯ ಈ ಮನೆಯಲ್ಲಿ ಎರಡು ವರ್ಷ ನಾನು ಮುದ್ದೆ ತಿಂದದ್ದು ಊರಿನ ಮೇಲಿನ ಅಭಿಮಾನದಿಂದಲ್ಲ. ಮುದ್ದೆಯನ್ನು ಅಗಿಯಬೇಕಾಗಿಲ್ಲ. ಸಾರಿನಲ್ಲಿ ಅದ್ದಿ ನುಂಗಿದರೆ ಆಯಿತು.

ಬಲಗಡೆಯ ದವಡೆ ಹಲ್ಲುಗಳು ಒಂದೊಂದಾಗಿ ಹೊರಟುಹೋಗಿದ್ದವು. ಎಡಗಡೆಯವು ಇದ್ದವು, ಸಂಬಳ ತೆಗೆದುಕೊಂಡು ಕೆಲಸ ಮಾಡದ ನೌಕರರ ಹಾಗೆ. ಅವುಗಳಲ್ಲಿ ಒಂದು ತಣ್ಣೀರು ಸೋಕಿದರೆ ಸಾಕು, ಕಿವಿಯವರೆಗೆ ಸೂಜಿ ಚುಚ್ಚುತ್ತಿತ್ತು. ದೀಪಾವಳಿಗೆ ಚಕ್ಕುಲಿ ಮಾಡಿದರೆ ನನ್ನ ಪಾಲಿನದನ್ನು ಕುಟ್ಟಿ ಪುಡಿ ಮಾಡಿ, ಮೊಸರಿಗೆ ಹಾಕಿಕೊಂಡು ತಿನ್ನುತ್ತಿದ್ದೆ. ‘ಇದೇನು ಆಂಟಿ?’ ಎಂದು ಕೇಳಿದವರಿಗೆ ‘ನಮ್ಮ ಕಡೆ ಹೀಗೇ’ ಎಂದೆ. ನಿಮ್ಮ ಅಮ್ಮನ ಗೆಳತಿಯೊಬ್ಬಳು ಅದನ್ನು ಬಹಳ ಹಳೆಯ ಪದ್ಧತಿ ಎಂದು ನಂಬಿ, ಮನೆಯಲ್ಲಿ ಮಾಡಿ, ಫೋಟೋ ತೆಗೆದು ಎಲ್ಲರಿಗೂ ಕಳಿಸಿದಳು. ಒಂದು ಕೆಟ್ಟ ಹಲ್ಲಿನಿಂದ ಒಂದು ಪರಂಪರೆ ಹುಟ್ಟುವುದು ಇಷ್ಟು ಸುಲಭ.

ಹಲ್ಲು ನೋವು ಎಂದು ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಿಮಗೆ ಅದು ಅರ್ಥವಾಗುವುದು ಕಷ್ಟ. ನಿಮಗೆ ಮೊಣಕೈ ತರಚಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ನಾನು ಬೆಳೆದ ಊರಿನಲ್ಲಿ ಮಗಳ ಮನೆಗೆ ಹೋದ ತಾಯಿ ಒಂದು ಲೋಟ ನೀರನ್ನೂ ಯೋಚಿಸಿ ಕೇಳುತ್ತಿದ್ದಳು. ಅಳಿಯನ ಎದುರು ನಿಂತು ಮಾತಾಡುವುದಂತೂ ಇರಲೇ ಇಲ್ಲ. ಬಾಗಿಲ ಮರೆಯಲ್ಲಿ ನಿಂತು, ಮಗಳಿಗೆ ಹೇಳಿದ ಹಾಗೆ ಅಳಿಯನಿಗೆ ಕೇಳಿಸಬೇಕಿತ್ತು. ಇಲ್ಲಿ ಬಂದು ನೋಡಿದರೆ ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯೇ ಇಲ್ಲ. ಗೋಡೆಯಿಲ್ಲದ ಮೇಲೆ ಬಾಗಿಲೆಲ್ಲಿ? ನಾನು ಒಂದು ಉಪಾಯ ಕಂಡುಕೊಂಡೆ. ನಿಮ್ಮ ಅಪ್ಪ ಮಹೇಶ ಏನಾದರೂ ಕೇಳಿದರೆ ಫ್ರಿಜ್ಜಿನ ಬಾಗಿಲು ತೆರೆದು, ಅದರ ಮರೆಯಲ್ಲಿ ನಿಂತು ಉತ್ತರ ಕೊಡುತ್ತಿದ್ದೆ. ಮಾತು ಉದ್ದವಾದ ದಿನ ಮೊಸರು ಬೆಚ್ಚಗಾಗುತ್ತಿತ್ತು.

ಅಲ್ಲದೆ ಇಲ್ಲಿ ಹಲ್ಲಿನ ಡಾಕ್ಟರ ಖರ್ಚು ಎಂದರೆ ಕೇಳಿದವರ ಉಳಿದ ಹಲ್ಲೂ ಉದುರಬೇಕು. ತಿಪಟೂರಿನಲ್ಲಿ ನನ್ನ ತಂಗಿ ಇದ್ದಾಳೆ. ಯಾವಾಗಲಾದರೂ ಹೋದಾಗ ಅಲ್ಲೇ ಕಟ್ಟಿಸಿಕೊಂಡು ಬಂದರಾಯಿತು, ಅಳಿಯನ ದುಡ್ಡಿಗೆ ಬಾಯಿ ತೆರೆಯಬಾರದು ಎಂದು ತೀರ್ಮಾನಿಸಿದ್ದೆ. ಆ ‘ಯಾವಾಗಲಾದರೂ’ ಎರಡು ವರ್ಷ ಬರಲಿಲ್ಲ. ಎಡಗಡೆಯ ಹಲ್ಲಿಗೆ ಅಷ್ಟು ತಾಳ್ಮೆ ಇರಲಿಲ್ಲ. ಕೆನ್ನೆ ಊದತೊಡಗಿತು. ಸೆರಗು ಅಡ್ಡ ಹಿಡಿದೆ.

ಈಗ ಹುಂಡಿಯ ವಿಷಯಕ್ಕೆ ಬರುತ್ತೇನೆ. ಈ ದೇಶದಲ್ಲಿ ಹೆಲ್ತ್ ಸೇವಿಂಗ್ಸ್ ಅಕೌಂಟ್ ಎಂದು ಒಂದಿದೆ. ಸಂಬಳದಲ್ಲಿ ಸ್ವಲ್ಪ ಭಾಗವನ್ನು ಕಾಯಿಲೆಗೆಂದೇ ಎತ್ತಿಡುವ ಖಾತೆ. ಅದಕ್ಕೆ ತೆರಿಗೆಯಿಲ್ಲ. ಔಷಧಿಗೆ, ಕಣ್ಣಿಗೆ, ಹಲ್ಲಿಗೆ ತೆಗೆದರೂ ತೆರಿಗೆಯಿಲ್ಲ. ಬೇರೆಯದಕ್ಕೆ ತೆಗೆದರೆ ತೆರಿಗೆಯ ಜೊತೆಗೆ ದಂಡ. ಇಂಚರಾ, ನೀನು ಇದನ್ನು ವಿವರಿಸಿದಾಗ ನನಗೆ ತಟ್ಟನೆ ಅರ್ಥವಾದದ್ದಕ್ಕೆ ನಿನಗೆ ಆಶ್ಚರ್ಯವಾಯಿತು. ನಮ್ಮ ಮನೆಯಲ್ಲಿ ಅದನ್ನು ಮುಡಿಪು ಎನ್ನುತ್ತಿದ್ದೆವು. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಮಲಗಿದರೆ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರಿಗೆಂದು ಎತ್ತಿಡುವುದು. ಎಣ್ಣೆ ಮುಗಿದಿದೆ ಎಂದು ಅದಕ್ಕೆ ಕೈ ಹಾಕುವ ಹಾಗಿಲ್ಲ.

ನಿಮ್ಮ ಅಮ್ಮ ಶೈಲಾ ಮಗುವಾಗಿದ್ದಾಗ ಅವಳಿಗೆ ಬಿಡದ ಜ್ವರ. ನಾನು ಒಂದು ದೇವರಿಗೆ ಮುಡಿಪು ಕಟ್ಟಿ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟೆ. ನನ್ನ ಅತ್ತೆ ನನಗೆ ಹೇಳದೆ ಇನ್ನೊಂದು ದೇವರಿಗೆ ಕಟ್ಟಿ ಬೇಳೆ ಡಬ್ಬದಲ್ಲಿ ಬಚ್ಚಿಟ್ಟರು. ಜ್ವರ ಇಳಿಯಿತು. ಹುಳಿ ಮಾಡುವ ದಿನ ಎರಡೂ ಸಿಕ್ಕಿಬಿದ್ದವು. ನಿಮ್ಮ ತಾತ ನಕ್ಕು, ‘ಜ್ವರ ಒಂದೇ, ಬಿಲ್ಲು ಎರಡು ಬಂತು’ ಎಂದರು. ಎರಡು ದೇವಸ್ಥಾನಕ್ಕೂ ಹೋಗಿ ಬಂದೆವು. ಹೆಚ್ಚಿಗೆ ಕಟ್ಟಿದ್ದೀರಿ ಎಂದು ಯಾವ ದೇವರೂ ದಂಡ ಹಾಕಲಿಲ್ಲ.

ಅಮೆರಿಕ ಸರ್ಕಾರ ಹಾಕುತ್ತದೆ. ಇದು ನನಗೆ ತಿಳಿದದ್ದು ಪಕ್ಕದ ಊರು ಡುಲುತ್‌ನಲ್ಲಿ, ಮಾರ್ಚ್ ತಿಂಗಳ ಒಂದು ಶನಿವಾರ.

ಅಂದು ತರಕಾರಿಗೆ ಹೊರಟವರು, ದಾರಿಯಲ್ಲೇ ಟ್ಯಾಕ್ಸಿನ ಕೆಲಸವೂ ಮುಗಿಯಲಿ ಎಂದು ನಸ್ರೀನಳ ಆಫೀಸಿಗೆ ಹೋದೆವು. ನಸ್ರೀನ್ ಮೈಸೂರಿನವಳು. ಊರಿನವರಿಗೆಲ್ಲ ಟ್ಯಾಕ್ಸ್ ರಿಟರ್ನ್ ಮಾಡಿಕೊಡುತ್ತಾಳೆ. ನಿಮ್ಮ ಅಪ್ಪ ಅಮ್ಮ ಅವಳ ಮೇಜಿನ ಎದುರು ಕೂತರು. ನೀವಿಬ್ಬರೂ ಫೋನ್ ಹಿಡಿದಿರಿ. ನಾನು ಮೂಲೆಯ ಕುರ್ಚಿಯಲ್ಲಿ, ಸೆರಗಿನ ಹಿಂದೆ.

ನಸ್ರೀನ್ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡಳು. ಆಮೇಲೆ ಕೇಳಿದಳು:

“ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನೀವಿಬ್ರೂ ಒಂದೇ ಮನೇಲಿ ತಾನೆ ಇರೋದು?”

ನಿಮ್ಮ ಅಮ್ಮ ಗಾಬರಿಯಾದಳು. “ಯಾಕೆ ನಸ್ರೀನ್?”

“ಮಹೇಶ್ ಅವ್ರು ಇಡೀ ಫ್ಯಾಮಿಲಿಗೆ ವರ್ಷದ ಲಿಮಿಟ್ ಎಷ್ಟಿದ್ಯೋ ಅಷ್ಟೂ ತಮ್ಮ ಹೆಲ್ತ್ ಅಕೌಂಟಿಗೆ ಹಾಕಿದಾರೆ. ನೀವು ಕೆಲಸ ಮಾಡೋ ಸ್ಕೂಲಲ್ಲಿ ನಿಮ್ಮ ಅಕೌಂಟಿಗೆ ಬೇರೆ ಹಾಕಿದೀರ. ಗಂಡ ಹೆಂಡತಿ ಇಬ್ರಿಗೂ ಸೇರಿ ಒಂದೇ ಲಿಮಿಟ್. ನೀವು ಹಾಕಿರೋದು ಪೂರ್ತಿ ಎಕ್ಸೆಸ್.”

ಹಾಗೇ ಬಿಟ್ಟರೆ ಹೆಚ್ಚಾದದ್ದರ ಮೇಲೆ ನೂರಕ್ಕೆ ಆರರಂತೆ ದಂಡ, ಅದೂ ಆ ಹಣ ಖಾತೆಯಲ್ಲಿರುವಷ್ಟು ಕಾಲ ವರ್ಷವರ್ಷವೂ ಎಂದು ಅವಳು ವಿವರಿಸಿದಳು. ನಾನು ಓದಿದ್ದು ನಮ್ಮೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಮೇಷ್ಟರು ಬಡ್ಡಿ ಲೆಕ್ಕ, ನಷ್ಟದ ಲೆಕ್ಕ, ತೊಟ್ಟಿಗೆ ನೀರು ತುಂಬಿಸುವ ಲೆಕ್ಕ ಎಲ್ಲ ಕಲಿಸಿದ್ದರು. ಕಾಯಿಲೆಗೆ ಹೆದರಿ ಅಗತ್ಯಕ್ಕಿಂತ ಹೆಚ್ಚು ಉಳಿಸಿದವನು ಎಷ್ಟು ದಂಡ ತೆರಬೇಕು ಎಂಬ ಲೆಕ್ಕ ಮಾತ್ರ ಕಲಿಸಿರಲಿಲ್ಲ. ಸಾಲಗಾರರಿಗೆ ದಂಡ ಹಾಕುವುದನ್ನು ಕಂಡಿದ್ದೆ. ಮುಂಜಾಗ್ರತೆಯವರಿಗೂ ಹಾಕುವ ದೇಶವನ್ನು ಅಂದೇ ಕಂಡದ್ದು.

ಆಗ ನಿಮ್ಮ ಅಪ್ಪ ಒಂದು ಮಾತು ಆಡಿದ. ಜಾಣತನದ ಮಾತು ಎಂದುಕೊಂಡೇ ಆಡಿದ್ದು.

“ಹೇಗೂ ಅತ್ತೆಯವರ ಹಲ್ಲಿಗೇ ಅಂತ ಹಾಕಿದ್ದು. ಈಗ್ಲೇ ಅದಕ್ಕೇ ಖರ್ಚು ಮಾಡ್ಬಿಟ್ರೆ ಎಕ್ಸೆಸ್ ಕರಗಿ ಹೋಗಲ್ವಾ?”

ನಿಮ್ಮ ಅಮ್ಮ ಅವನ ಕಡೆಗೆ ಪೂರ್ತಿ ತಿರುಗಿದಳು. “ನೀವೂ ಅಮ್ಮನ ಹಲ್ಲಿಗೇ ಹಾಕಿದ್ದಾ?”

“ನೀವೂ ಅಂದ್ರೆ? ನೀನೂ ಅದಕ್ಕೇನಾ?”

“ಮತ್ತೆ? ನಮ್ಮಮ್ಮನ ಖರ್ಚು ನಿಮ್ಮನ್ನ ಹೇಗ್ರೀ ಕೇಳ್ಲಿ? ನನ್ನ ಸಂಬಳದಲ್ಲೇ ಆಗ್ಲಿ ಅಂತ ಸುಮ್ನೆ ಹಾಕ್ತಾ ಬಂದೆ.”

“ನಾನು ಹೇಳಿದ್ರೆ ನೀನು ಬೇಡ ಅಂತೀಯ ಅಂತ ಸುಮ್ನೆ ಹಾಕ್ದೆ. ಅವ್ರು ಚಕ್ಕುಲಿ ಕುಟ್ಟೋ ಶಬ್ದ ಎಷ್ಟು ದಿನ ಅಂತ ಕೇಳೋದು?”

ಮೂಲೆಯ ಕುರ್ಚಿಯಲ್ಲಿ ನನಗೆ ಒಂದು ಫ್ರಿಜ್ ಬೇಕಾಗಿತ್ತು.

ಎರಡು ವರ್ಷ ಒಂದೇ ಸೂರಿನಡಿ ಮೂವರು ದೊಡ್ಡವರು ಒಂದೇ ಹಲ್ಲನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದೆವು. ನಾನು ಮುದ್ದೆಯಲ್ಲಿ, ಅವರು ಒಂದೊಂದು ಹುಂಡಿಯಲ್ಲಿ. ನಮ್ಮ ಮನೆಯೊಳಗೆ ಯಾರಿಗೂ ಗೊತ್ತಾಗದ ಗುಟ್ಟು ಸರ್ಕಾರಕ್ಕೆ ಗೊತ್ತಾಗಿತ್ತು. ಅದು ನಮ್ಮ ಸಂಕೋಚವನ್ನು ಲೆಕ್ಕ ಹಾಕಿ, ಇದು ಮಿತಿ ಮೀರಿದೆ ಎಂದು ದಂಡ ಬರೆಯಲು ಕೂತಿತ್ತು.

ಇಂಚರಾ, ನೀನು ಫೋನಿನಿಂದ ತಲೆಯೆತ್ತಿ, “ವೇಟ್, ಅಜ್ಜಿಗೆ ಹಲ್ಲು ನೋವಾ? ಎವ್ರಿಬಡಿ ನೋಸ್ ದಟ್,” ಎಂದೆ. ನಿನಗೆ ನೆನಪಿದೆಯೋ ಇಲ್ಲವೋ.

ನಸ್ರೀನ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಆಮೇಲೆ ಮತ್ತೆ ಗಂಭೀರಳಾದಳು. “ಹಲ್ಲು ಕಟ್ಸಿ, ಬೇಡ ಅನ್ನಲ್ಲ. ಆದ್ರೆ ಖರ್ಚು ಮಾಡಿದ್ರೆ ಎಕ್ಸೆಸ್ ಹೋಗಲ್ಲ. ಜಾಸ್ತಿ ಹಾಕಿದ್ದು ಜಾಸ್ತಿ ಹಾಕಿದ್ದೇ. ಅಕೌಂಟ್ ಇಟ್ಟಿರೋರ ಹತ್ರ ಅದಕ್ಕೇ ಅಂತ ಬೇರೆ ಫಾರಂ ಇರತ್ತೆ. ಜಾಸ್ತಿ ಹಾಕಿದ್ದು, ಅದು ಅಲ್ಲಿ ದುಡಿದಿದ್ದು, ಎರಡನ್ನೂ ಏಪ್ರಿಲ್ ಗಡುವಿನೊಳಗೆ ವಾಪಸ್ ತೆಗೀಬೇಕು. ಅದಕ್ಕೆ ಮಾಮೂಲಿ ಟ್ಯಾಕ್ಸ್ ಕಟ್ಟಿದ್ರೆ ಆಯ್ತು, ದಂಡ ಇಲ್ಲ. ಈಗ ಯಾರ ಅಕೌಂಟಿಂದ ತೆಗೀಲಿ? ಅದನ್ನ ನೀವಿಬ್ರೂ ಮಾತಾಡಿ ಒಪ್ಕೋಬೇಕು.”

ಗಂಡ ಹೆಂಡತಿ ಮಾತಾಡಿಕೊಳ್ಳಲಿ ಎಂದು ಸರ್ಕಾರವೇ ಕಾನೂನು ಮಾಡಿದೆ, ನೋಡಿ. ನಮ್ಮ ಹಿರಿಯರಿಗೆ ಇದು ತೋಚಿರಲಿಲ್ಲ.

“ನಂದು ತೆಗೀರಿ,” ಎಂದ ನಿಮ್ಮ ಅಪ್ಪ. “ಅವಳ ತಾಯಿಗೆ ಅವಳು ಮಾಡ್ಲಿ, ಅವಳಿಗೂ ಸಮಾಧಾನ.”

“ಬೇಡ, ನಂದೇ ತೆಗೀರಿ. ಅವ್ರು ಅಷ್ಟು ಪ್ರೀತಿಯಿಂದ ಹಾಕಿದಾರೆ,” ಎಂದಳು ನಿಮ್ಮ ಅಮ್ಮ.

“ನಿಂದು ಇರ್ಲಿ ಅಂದ್ನಲ್ಲ.”

“ನಾನೂ ಹೇಳಿದ್ನಲ್ಲ.”

“ಆಸ್ತಿ ಪಾಲು ಮಾಡೋರು ನಂಗೆ ನಂಗೆ ಅಂತ ಕಿತ್ತಾಡೋದು ನೋಡಿದೀನಿ,” ಎಂದಳು ನಸ್ರೀನ್. “ನೀವು ಹೀಗೇ ಕೂತಿದ್ರೆ ಏಪ್ರಿಲ್ ದಾಟತ್ತೆ. ಆಂಟಿ, ನೀವೇ ಹೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಹಲ್ಲು ನನ್ನದು, ಆದ್ದರಿಂದ ನ್ಯಾಯವೂ ನನ್ನದಾಯಿತು.

ಬಾಯಿಗೆ ಬಂದದ್ದು ‘ಎರಡೂ ಬೇಡ’ ಎಂಬ ಮಾತು. ಅದನ್ನು ಹೇಳುವುದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು. ಬೇಡ ಎನ್ನುವುದೇ ಮರ್ಯಾದೆ ಎಂದು ನನ್ನ ತಾಯಿ ಕಲಿಸಿದ್ದಳು, ನಾನು ನಿಮ್ಮ ಅಮ್ಮನಿಗೆ ಕಲಿಸಿದ್ದೆ, ಮದುವೆಯಾದ ತಪ್ಪಿಗೆ ನಿಮ್ಮ ಅಪ್ಪನಿಗೂ ಅದು ಅಂಟಿಕೊಂಡಿತ್ತು. ಆದರೆ ನನ್ನ ಬೇಡಗಳ ಫಲ ಮೇಜಿನ ಮೇಲೆ ಎರಡು ಕಾಗದಗಳಾಗಿ ಕೂತಿತ್ತು. ಮಗಳ ದುಡ್ಡು ಸಾಕು ಎಂದರೆ ಅಳಿಯನ ಕೈ ತಳ್ಳಿದ ಹಾಗೆ. ಅಳಿಯನದು ಸಾಕು ಎನ್ನಲು ನಾಲಿಗೆ ಏಳುತ್ತಿಲ್ಲ. ಹಲ್ಲು ಒಮ್ಮೆ ಜೋರಾಗಿ ಮಿಡಿಯಿತು. ಅದರ ಸಲಹೆ ಸ್ಪಷ್ಟವಾಗಿತ್ತು.

ಸೆರಗು ಕೆಳಗಿಳಿಸಿದೆ. “ಶೈಲಾದು ವಾಪಸ್ ತೆಗೀಲಿ,” ಎಂದೆ. ಆಮೇಲೆ ನಿಮ್ಮ ಅಪ್ಪನ ಮುಖ ನೋಡಿಯೇ ಹೇಳಿದೆ, “ನೀವು ಹಾಕಿದ ದುಡ್ಡಲ್ಲೇ ನಂಗೆ ಹಲ್ಲು ಕಟ್ಸಿಕೊಡಿ.”

ಮಹೇಶ ಎದ್ದು ನಿಂತ, ಮತ್ತೆ ಕೂತ. “ಸೋಮವಾರವೇ ಅಪಾಯಿಂಟ್‌ಮೆಂಟ್ ತಗೋತೀನಿ ಅತ್ತೆ,” ಎಂದವನು ಮೇಜಿನ ಮೇಲಿದ್ದ ಪೆನ್ನನ್ನು ಯಾಕೋ ಜೇಬಿಗೆ ಹಾಕಿಕೊಂಡ. ಅದು ನಸ್ರೀನಳದು.

ನಸ್ರೀನ್ ಕೀಬೋರ್ಡ್ ಕುಟ್ಟುತ್ತ, “ಆಂಟಿ ನಿಮ್ಮ ರಿಟರ್ನಲ್ಲಿ ಡಿಪೆಂಡೆಂಟ್ ಇದಾರೆ, ಹಾಗಾಗಿ ಅವ್ರ ಹಲ್ಲಿಗೆ ಧಾರಾಳವಾಗಿ ಕೊಡಬಹುದು,” ಎಂದಳು. ಡಿಪೆಂಡೆಂಟ್ ಎಂದರೆ ಅವಲಂಬಿತೆ. ಯಾರ ಬಾಯಲ್ಲಿ ಆ ಮಾತು ಬಂದೀತೋ ಎಂದು ನಾನು ಹೆದರಿ ಮುದ್ದೆ ನುಂಗುತ್ತಿದ್ದೆ. ಅದು ಆಗಲೇ ಅಚ್ಚಾಗಿ, ನನ್ನ ಹೆಸರಿನ ಪಕ್ಕ, ಒಂದು ಸವಲತ್ತಿನ ಹಾಗೆ ಕೂತಿತ್ತು.

ಮುಂದಿನದು ನಿಮಗೆ ಗೊತ್ತು. ಕೆಟ್ಟ ಹಲ್ಲು ಹೋಯಿತು, ಹೊಸ ಸೆಟ್ಟು ಬಂತು. ಮೊದಲ ವಾರ ನಾನು ಬೇರೆ ಯಾರದೋ ಬಾಯಲ್ಲಿ ಮಾತಾಡುತ್ತಿದ್ದ ಹಾಗಿತ್ತು. ಬಹುಶಃ ಅದಕ್ಕೇ ಸಂಕೋಚ ಸ್ವಲ್ಪ ಕಡಿಮೆಯಾಯಿತು. ನಿಮ್ಮ ಅಮ್ಮನ ಹಣ, ಅದು ದುಡಿದ ಪುಡಿಗಾಸಿನ ಸಮೇತ, ಗಡುವಿನೊಳಗೆ ಹೊರಬಂತು. ಮೊಸರಿನಲ್ಲಿ ಚಕ್ಕುಲಿ ಪುಡಿ ಮಾತ್ರ ಆ ಗೆಳತಿಯ ಮನೆಯಲ್ಲಿ ಈಗಲೂ ನಡೆದುಕೊಂಡು ಬಂದಿದೆಯಂತೆ. ನಿಲ್ಲಿಸಿ ಎನ್ನಲು ನನಗೆ ಧೈರ್ಯವಿಲ್ಲ.

ಮತ್ತೆ ನವೆಂಬರ್ ಬಂತು. ಮುಂದಿನ ವರ್ಷ ಹುಂಡಿಗೆ ಎಷ್ಟು ಹಾಕುತ್ತೀರಿ ಎಂದು ಆಫೀಸಿನವರು ಕೇಳುವ ಕಾಲ. ರಾತ್ರಿಯ ಊಟಕ್ಕೆ ಎಲ್ಲರೂ ಕೂತಿದ್ದೆವು, ದೀಪಾವಳಿಯ ತಿಂಡಿ ಡಬ್ಬವೂ ಮೇಜಿನ ಮೇಲಿತ್ತು. ನಾನು ಮೊಸರು ತೆಗೆಯಲು ಫ್ರಿಜ್ ತೆರೆದವಳು ಅದನ್ನು ಮುಚ್ಚಿ, ಎದುರಿಗೇ ನಿಂತು ಕೇಳಿದೆ:

“ಮುಂದಿನ ವರ್ಷ ಹುಂಡಿಗೆ ಯಾರು ಹಾಕ್ತಾ ಇದೀರಿ?”

“ಶೈಲಾ ಹಾಕ್ತಾಳಲ್ಲ,” ಎಂದ ನಿಮ್ಮ ಅಪ್ಪ. “ಹೋದ ಸಲ ಅವಳದು ತೆಗೆಸಿದ್ವಿ, ಈ ಸಲ ಅವಳೇ ಹಾಕ್ಲಿ ಅಂತ ನಾನು ಝೀರೋ ಮಾಡ್ದೆ.”

“ಅಯ್ಯೋ, ನೀವೇ ಹಾಕ್ತೀರ ಅಂತ ನಾನೂ ಝೀರೋ ಮಾಡಿದೀನಿ,” ಎಂದಳು ನಿಮ್ಮ ಅಮ್ಮ.

ಇಬ್ಬರೂ ಊಟ ಬಿಟ್ಟು ಲ್ಯಾಪ್‌ಟಾಪಿಗೆ ಓಡಿದರು. ಧ್ರುವಾ, ನೀನು ನನ್ನನ್ನೇ ನೋಡುತ್ತ, “ಅಜ್ಜಿ, ನೀನು ಕೇಳ್ದೇ ಇದ್ದಿದ್ರೆ?” ಎಂದೆ.

ನಾನು ಅಂದು ಉತ್ತರ ಕೊಡಲಿಲ್ಲ. ಸಂಕೋಚದಿಂದಲ್ಲ. ಬಾಯಲ್ಲಿ ಚಕ್ಕುಲಿ ಇತ್ತು.