ಎರಡು ರೊಟ್ಟಿ, ಒಂದು ಸ್ಪ್ರಿಂಗು

ಅವನ ಮೊಣಕಾಲಿನ ಕೆಳಗೆ ನೀಲಿ ಗೆರೆಗಳಿದ್ದವು. ಮೊದಲ ದಿನ ಚಡ್ಡಿಯಲ್ಲೇ ಊಟಕ್ಕೆ ಬಂದು ಕಾಲು ಮಡಚಿ ಕೂತಾಗ ನಾನು ಅವನ್ನು ಹಚ್ಚೆ ಎಂದುಕೊಂಡೆ. ಗಂಡಸಾಗಿ ಕಾಲಿಗೆ ಯಾಕೆ ಹಚ್ಚೆ ಹಾಕಿಸಿಕೊಂಡೆ ಎಂದು ಕೇಳಿಯೂ ಬಿಟ್ಟೆ. ಹಚ್ಚೆಯಲ್ಲ, ಗಾಯ ಎಂದ. ನಾಗಪುರದ ಹತ್ತಿರ ಉಮರೇಡ್ ಕಡೆ ಕಲ್ಲಿದ್ದಲು ಗಣಿ ಅಗೆದು ಸುರಿದ ಹಳೆಯ ಮಣ್ಣಿನ ಗುಡ್ಡಗಳಿವೆಯಲ್ಲ, ಅವುಗಳ ನೆತ್ತಿಯಿಂದ ಸೈಕಲ್ ಇಳಿಸುವಾಗ ಬಿದ್ದು, ತರಚಿದ ಚರ್ಮದೊಳಗೆ ಕಲ್ಲಿದ್ದಲಿನ ಪುಡಿ ಕೂತು, ಅದರ ಮೇಲೆಯೇ ಗಾಯ ಮಾಯ್ದಿತ್ತು. ಬುದ್ಧಿ ಇದ್ದವನು ಅಲ್ಲಿಂದ ಯಾಕೆ ಇಳಿಯುತ್ತಾನೆ ಎಂದೆ. ಅವನು ನಕ್ಕು ಇನ್ನೊಂದು ರೊಟ್ಟಿಗೆ ತಾಟು ಮುಂದೆ ಮಾಡಿದ.

ನಾನು ಆಗ ಮನೀಶ್ ನಗರದ ನಮ್ಮ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದೆ. ಯಜಮಾನರು ತೀರಿಕೊಂಡ ಮೇಲೆ ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ನಾಲ್ಕನೇ ಇಯತ್ತೆ ಕಲಿತವಳಿಗೆ ನಾಗಪುರದಲ್ಲಿ ಬೇರೆ ಏನು ಕೆಲಸ ಸಿಗುತ್ತದೆ? ರೊಟ್ಟಿ ಬಡಿಯಲು ಬರುತ್ತಿತ್ತು, ಬಡಿದೆ. ಬ್ಯಾಂಕಿನವರು, ಮಾಸ್ತರರು, ಏರ್‌ಫೋರ್ಸಿನವರು, ನಮ್ಮ ಕಡೆಯಿಂದ ಬಂದ ಒಂಟಿ ಗಂಡಸರೆಲ್ಲ ಜೋಳದ ರೊಟ್ಟಿಯ ವಾಸನೆ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ನನ್ನಲ್ಲಿ ಒಂದು ಪದ್ಧತಿ ಇತ್ತು. ಸಾಕು ಎಂದವನ ತಾಟಿಗೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು, ಬೇಡ ಎಂದವನಿಗೆ ಅರ್ಧವಾದರೂ ಬೀಳುತ್ತಿತ್ತು. ನಮ್ಮ ಕಡೆ ಒತ್ತಾಯ ಮಾಡದೆ ಬಡಿಸಿದರೆ ಅದು ಬಡಿಸಿದಂತೆಯೇ ಅಲ್ಲ. ಜನ ನನ್ನನ್ನು ಹೊಗಳುತ್ತಿದ್ದದ್ದೂ ಅದಕ್ಕೇ. ನಾನೂ ಉಬ್ಬುತ್ತಿದ್ದೆ.

ಇವನು ಏರ್‌ಫೋರ್ಸಿನಲ್ಲಿ ವಿಮಾನದ ಗಾಲಿ, ಬ್ರೇಕು ನೋಡುವ ಕೆಲಸದವನು. ಬಾಗಲಕೋಟೆ ಕಡೆಯವನು. ಮಾತು ಕಡಿಮೆ, ಊಟ ಜೋರು. ಉಂಡ ತಾಟನ್ನು ಬೇಡವೆಂದರೂ ತಾನೇ ತೊಳೆದಿಡುತ್ತಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು ಇರುತ್ತದೆಂದು ಒಳಗೆ ಬರುವ ಮೊದಲು ಹೊರಗಿನ ನಲ್ಲಿಯಲ್ಲಿ ಕೈಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದ. ಏನು ಕೇಳಿದರೂ, ಮಳೆ ಬರುತ್ತದೆಯೋ ಇಲ್ಲವೋ ಎಂದು ಕೇಳಿದರೂ, "ನೆಲಾ ಹೇಳ್ತೈತ್ರಿ ಅವ್ವಾರ" ಎನ್ನುವುದು ಅವನ ರೂಢಿ. ಸೈಕಲ್ ಇಳಿಸುವವನಿಗೆ ನೆಲವೇ ಗುರು ಇರಬೇಕು.

ಆ ಸೈಕಲ್ಲೋ, ಹೆಸರಿಗೆ ಸೈಕಲ್. ನೋಡಲು ಮೋಟರು ಇಲ್ಲದ ಮೋಟರ್ ಸೈಕಲ್. ಪರದೇಶದಲ್ಲಿದ್ದ ಗೆಳೆಯನೊಬ್ಬ ತಾನು ವಾಪರಿಸಿ ಹಳೆಯದಾದದ್ದನ್ನು ಇವನಿಗೆ ಕೊಟ್ಟಿದ್ದ. ಸೀಟಿನ ಕೆಳಗೆ, ಹಿಂದಿನ ಗಾಲಿಯ ಧಕ್ಕೆ ತಡೆಯಲು ಒಂದು ಶಾಕಪ್ ಇತ್ತು, ಸ್ಕೂಟರಿಗೆ ಇರುವಂಥದ್ದೇ. ಅದು ಗಾಳಿಯದು. ಆ ವರ್ಷ ಬೇಸಿಗೆಯ ಹೊತ್ತಿಗೆ ಅದು ಕೆಟ್ಟಿತು. ರಾತ್ರಿ ಗಾಳಿ ತುಂಬಿಟ್ಟರೆ ಬೆಳಿಗ್ಗೆ ಸೈಕಲ್ ಮುದುಕಿಯ ಹಾಗೆ ಕುಸಿದು ನಿಂತಿರುತ್ತಿತ್ತು.

ಹೊಸದು ತರಿಸಬೇಕು, ಗಾಳಿಯದೋ ಸ್ಪ್ರಿಂಗಿನದೋ ಎಂಬ ಚರ್ಚೆ ನನ್ನ ಪಡಸಾಲೆಯಲ್ಲೇ ನಡೆಯಿತು. ಬ್ಯಾಂಕಿನವನೊಬ್ಬ ಇದ್ದ, ಎಲ್ಲದಕ್ಕೂ ಬಾಯಿ ಹಾಕುವವನು. ಗಾಳಿಯದೇ ತಗೋ, ಹಗುರ ಇರುತ್ತದೆ, ಪಂಪು ಹೊಡೆದರೆ ಮುಗಿಯಿತು, ಯಾವ ತೂಕದವನು ಕೂತರೂ ನಡೆಯುತ್ತದೆ ಎಂದ. ಇವನು ತಲೆ ಅಲ್ಲಾಡಿಸಿದ. ಉದ್ದ ಇಳಿಜಾರಿನಲ್ಲಿ ಗಾಳಿ ಬಿಸಿಯಾಗುತ್ತದೆ, ಬಿಸಿಯಾದರೆ ಅದರ ಗುಣ ಬದಲಾಗುತ್ತದೆ, ಮೇಲೆ ಒಂದು ಥರ ಇದ್ದದ್ದು ಕೆಳಗೆ ಬರುವಷ್ಟರಲ್ಲಿ ಇನ್ನೊಂದು ಥರ. ಗಣಿಯ ಧೂಳಿಗೆ ಒಳಗಿನ ರಬ್ಬರೂ ತಾಳುವುದಿಲ್ಲ. ಸ್ಪ್ರಿಂಗು ಭಾರ, ಖರೆ. ಆದರೆ ಮೊದಲ ಕಲ್ಲಿನಿಂದ ಕೊನೆಯ ಕಲ್ಲಿನವರೆಗೆ ಒಂದೇ ಸಮ, ಸಣ್ಣ ಹರಳಿನ ಮೇಲೂ ಗಾಲಿ ನೆಲ ಬಿಡುವುದಿಲ್ಲ. ಒಂದೇ ತೊಡಕು ಎಂದು ಬೆರಳು ಎತ್ತಿದ.

"ಸ್ಪ್ರಿಂಗ್ ಒಬ್ಬರ ತೂಕಕ್ಕ ಮಾಡಿರ್ತಾರ್ರಿ. ಮೈ ಬದಲಾದ್ರ ಸ್ಪ್ರಿಂಗೂ ಬದಲ ಮಾಡಬೇಕು."

ಮರುದಿನ ಕಿರಾಣಿ ಅಂಗಡಿಯಲ್ಲಿ ಗೋಧಿ ಚೀಲ ತೂಗುವ ಕಾಟಾದ ಮೇಲೆ ಹೆಲ್ಮೆಟ್ಟು, ಬೂಟು, ಮೊಣಕಾಲಿನ ಕಾಪು ಎಲ್ಲ ಹಾಕಿಕೊಂಡು ನಿಂತ. ಅಂಗಡಿಯವನು ಈ ಮಾಲು ಯಾವ ಮಂಡಿಯಿಂದ ಬಂತು ಎಂದು ಮರಾಠಿಯಲ್ಲಿ ಚೇಷ್ಟೆ ಮಾಡಿದ. ಇವನು ಆ ತೂಕಕ್ಕೆ ಸರಿಯಾದ ಸ್ಪ್ರಿಂಗು ಕಳಿಸಲು ಪರದೇಶದ ಗೆಳೆಯನಿಗೆ ಹೇಳಿದ. ಯಾರೋ ಬರುವವರ ಕೈಯಲ್ಲಿ ಅದು ಬಂದು ಮುಟ್ಟುವಷ್ಟರಲ್ಲಿ ಗಣಪತಿ ಹಬ್ಬ ಕಳೆದಿತ್ತು.

ಅಷ್ಟೂ ತಿಂಗಳು ಸೈಕಲ್ ಮೂಲೆಯಲ್ಲಿ, ಅವನು ನನ್ನ ಪಂಕ್ತಿಯಲ್ಲಿ. ಶ್ರಾವಣದ ಹಬ್ಬಗಳು ಒಂದರ ಹಿಂದೆ ಒಂದು. ಸಾಕು ಎನ್ನುವ ಅಭ್ಯಾಸ ಅವನಿಗಿರಲಿಲ್ಲ. ನಿಲ್ಲಿಸುವ ಅಭ್ಯಾಸ ನನಗಿರಲಿಲ್ಲ.

ಚಳಿಗಾಲದಲ್ಲಿ ಒಂದು ಆಯ್ಕೆ ಇತ್ತು. ಹಿಮಾಲಯದ ಕಡೆ ನಡೆಯುವ ಇಳಿಜಾರಿನ ಸೈಕಲ್ ಪಂದ್ಯಕ್ಕೆ ಸವಾರರನ್ನು ಆರಿಸಿ ತಂಡ ಕಟ್ಟುತ್ತಿದ್ದರು, ಇವನನ್ನೂ ಕರೆದಿದ್ದರು. ಅದು ಕೈತಪ್ಪಿದರೆ ಇನ್ನೊಮ್ಮೆ ಇಲ್ಲ, ಏಕೆಂದರೆ ಯುಗಾದಿಯ ಹೊತ್ತಿಗೆ ಅವನಿಗೆ ಬೇರೆ ಊರಿಗೆ ಬದಲಿ, ಅದೂ ಗುಡ್ಡವಿಲ್ಲದ ಕಡೆಗೆ. ಮಾತು ಕಡಿಮೆಯವನು ಈ ಒಂದು ವಿಷಯ ಮಾತ್ರ ನನಗೆ ಎರಡೆರಡು ಸಲ ಹೇಳಿದ್ದ.

ಹೊಸ ಸ್ಪ್ರಿಂಗು ಹಾಕಿ ಮೊದಲ ಸಲ ಉಮರೇಡಿಗೆ ಹೋಗಿ ಬಂದವನ ಮುಖ ಬಾಡಿತ್ತು. ಕೂತರೆ ಸ್ವಲ್ಪ ತಗ್ಗಬೇಕಾದ ಸ್ಪ್ರಿಂಗು ಅರ್ಧದವರೆಗೂ ತಗ್ಗುತ್ತಿದೆ, ಎತ್ತರದಿಂದ ಹಾರಿದಾಗ ತಳಕ್ಕೆ ಹೋಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿದೆ ಎಂದ. ಸ್ಪ್ರಿಂಗಿನ ಮೇಲಿನ ಬಳೆಯನ್ನು ತಿರುಗಿಸಿ ಬಿಗಿ ಮಾಡಬಾರದೇ ಎಂದು ಒಬ್ಬರು ಕೇಳಿದರು. ಮಾಡಿ ನೋಡಿದ್ದನಂತೆ, ಮೊದಲಿಗೆ ಬಿಗಿ ಅನಿಸುತ್ತದೆ, ದೊಡ್ಡ ಏಟಿಗೆ ಅದೇ ಮೆತ್ತಗೆ. ಬೇರೆ ಸ್ಪ್ರಿಂಗು ತರಿಸಲು ಸಮಯವಿಲ್ಲ. ಆಗ ಬ್ಯಾಂಕಿನವನು ಬಾಯಿ ಹಾಕಿದ.

"ಸ್ಪ್ರಿಂಗಿಂದೇನೂ ತಪ್ಪಿಲ್ರಿ. ಅದರ ಮ್ಯಾಲೆ ಅವ್ವಾರ ರೊಟ್ಟಿ ಕುಂತಾವ."

ಪಂಕ್ತಿಯೆಲ್ಲ ನಕ್ಕಿತು. ಇವನು ನಗಲಿಲ್ಲ. ನಾನು ಬುಟ್ಟಿ ಹಿಡಿದು ಅವನ ಮುಂದೆ ಬಂದಾಗ ಮೆಲ್ಲಗೆ, "ಅವ್ವಾರ, ಇನ್ನ ಮ್ಯಾಲೆ ನನಗ ಎರಡ ರೊಟ್ಟಿ ಸಾಕ್ರಿ" ಎಂದ.

ಈಗ ಕೇಳಿದರೆ ಅದರಲ್ಲಿ ಏನಿದೆ ಅನಿಸುತ್ತದೆ. ಆಗ ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಇಡೀ ನಾಗಪುರದ ಕನ್ನಡದವರು ಹೊಗಳಿದ ಕೈ, ಇವನಿಗೆ ರೋಗವಾಯಿತೋ ಎಂದುಕೊಂಡೆ.

ಮರುದಿನದಿಂದ ಎರಡೇ ಕೊಟ್ಟೆ. ಎರಡು ರೊಟ್ಟಿ, ಒಂದು ಸೌಟು ಪಲ್ಯ, ಒಂದು ಸೌಟು ಬೇಳೆ. ಆಮೇಲೆ ಬುಟ್ಟಿ ಹಿಡಿದು ಅವನ ತಾಟಿನ ಮುಂದೆ ನಿಲ್ಲದೆ ಹೋಗುತ್ತಿದ್ದೆ. ಸುಮ್ಮನೆ ಹೋಗಿದ್ದರೂ ಆಗುತ್ತಿತ್ತು. ಆದರೆ ಎಲ್ಲರಿಗೂ ಕೇಳುವ ಹಾಗೆ, "ಇವರಿಗೆ ಬ್ಯಾಡ್ರೆಪಾ, ಸ್ಪ್ರಿಂಗ್ ಮುರೀತೈತಿ" ಎನ್ನುತ್ತಿದ್ದೆ. ಬೇರೆಯವರಿಗೆ ತುಪ್ಪ, ಇವನಿಗಿಲ್ಲ. ಬೇರೆಯವರಿಗೆ ಶೇಂಗಾ ಚಟ್ನಿ-ಹಿಂಡಿಯ ಮೇಲೆ ಮೊಸರು, ಇವನಿಗೆ ಬರಿ ಹಿಂಡಿ. ದೀಪಾವಳಿಗೆ ಊರಿಗೆ ಹೋಗಲಾಗದ ನಾಲ್ಕೈದು ಜನರಿಗೆ ಶೇಂಗಾ ಹೋಳಿಗೆ ಮಾಡಿದ್ದೆ. ಒಬ್ಬೊಬ್ಬರಿಗೂ ಕೂಗಿ ಕೂಗಿ ಬಡಿಸಿದೆ. ಇವನ ತಾಟು ದಾಟಿ ಹೋದೆ. ಹಬ್ಬದ ದಿನ ಕಾಲನಿಯ ನಾಯಿಗೂ ಹೋಳಿಗೆ ಹಾಕಿದವಳು ನಾನು.

ನಾನು ಕಾಯುತ್ತಿದ್ದೆ. ಒಂದು ಸಲ ಅವನು ಬಾಯಿ ಬಿಟ್ಟು ಕೇಳಲಿ, ಸೋತೆ ಅನ್ನಲಿ, ಆಮೇಲೆ ಹತ್ತು ಹಾಕುತ್ತೇನೆ ಎಂದು. ಅವನು ಕೇಳಲಿಲ್ಲ. ಎರಡು ರೊಟ್ಟಿಯನ್ನು ಸಾವಕಾಶ ಉಂಡು, ತಾಟು ತೊಳೆದಿಟ್ಟು, "ಬರ್ತೀನ್ರಿ ಅವ್ವಾರ" ಎಂದು ಹೋಗುತ್ತಿದ್ದ. ಅಂಗಿ ಸಡಿಲಾಗುತ್ತ ಬಂತು. ಮುಖ ಇಳಿಯಿತು. ನನ್ನ ಹಟ ಮಾತ್ರ ಇಳಿಯಲಿಲ್ಲ.

ಆಯ್ಕೆಯ ಮರುದಿನ ಕಿತ್ತಳೆ ಹಣ್ಣಿನ ಸಂತ್ರಾ ಬರ್ಫಿಯ ಡಬ್ಬಿ ಹಿಡಿದುಕೊಂಡು ಬಂದ. ತಂಡಕ್ಕೆ ತೆಗೆದುಕೊಂಡಿದ್ದರು. ಎಲ್ಲರೂ ಊಟಕ್ಕೆ ಕೂತಿದ್ದಾಗ ಅವರೆದುರೇ ನನ್ನ ಕಾಲು ಮುಟ್ಟಿದ. ಎದ್ದು ನಿಂತು, ಅಷ್ಟು ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲದವನು, "ಅವ್ವಾರು ಅಳತಿ ಹಿಡದ ಬಡಿಸಿದ್ದಕ್ಕ ಸ್ಪ್ರಿಂಗ್ ಬರೋಬರ್ ಕುಂತಿತ್ರಿ" ಎಂದ.

ಬ್ಯಾಂಕಿನವನು ತನ್ನ ತಾಟು ನೋಡುತ್ತ ಕೂತ. ಮಾಸ್ತರರೊಬ್ಬರು ಸುಮ್ಮನೆ ಕೆಮ್ಮಿದರು. ಅವರೆಲ್ಲ ದಿನಾ ನೋಡಿದ್ದರಲ್ಲ, ನಾನು ಹೇಗೆ ಬಡಿಸಿದ್ದೆ ಎಂದು. ಒಳಗೆ ಹೋಗಿ ಒಲೆಯ ಮೇಲಿನ ಖಾಲಿ ಪಾತ್ರೆಯಲ್ಲಿ ಸೌಟು ಆಡಿಸುತ್ತ ನಿಂತೆ.

ಎಲ್ಲರೂ ಹೋದ ಮೇಲೆ ಅವನು ನಲ್ಲಿಯ ಹತ್ತಿರ ತಾಟು ತೊಳೆಯುತ್ತಿದ್ದ. ಮನಸ್ಸಿನಲ್ಲಿ ಇಟ್ಟುಕೊಳ್ಳುವ ಸ್ವಭಾವ ನನ್ನದಲ್ಲ. ಹೋಗಿ ಹೇಳಿಬಿಟ್ಟೆ.

"ತಮ್ಮಾ, ನಾ ಅಳತಿ ಗಿಳತಿ ಏನೂ ಹಿಡಿದಿಲ್ಲ. ಸಿಟ್ಟಿಲೆ ಬಡಿಸೀನಿ."

"ಗೊತ್ತೈತ್ರಿ" ಎಂದ, ತಾಟು ತಿಕ್ಕುತ್ತಲೇ.

"ಗೊತ್ತಿದ್ದೂ ಯಾಕ ಸುಮ್ನ ಕುಂತಿ?"

"ನಿಮ್ಮ ಸಿಟ್ಟ ಇಳದ್ರ ಮತ್ತ ಹಾಕಾಕ ಸುರು ಮಾಡ್ತೀರಿ ಅಂತ ಅಂಜಿಕಿ ಇತ್ರಿ. ನೀವು ಹಾಕಿದ್ರ ಒಲ್ಲೆ ಅನ್ನೂದು ನನಗ ಆಗೂದಿಲ್ಲ." ತಾಟನ್ನು ಗೋಡೆಗೆ ಒರಗಿಸಿಟ್ಟ. ಕೈ ಒರೆಸಿಕೊಂಡ. ಆಮೇಲೆ ನನ್ನ ಕಡೆ ನೋಡದೆ, "ದೀಪಾವಳಿ ದಿನ ಒಂದ ಸ್ವಲ್ಪ ಕೆಟ್ಟ ಅನಿಸ್ತರಿ" ಎಂದ.

ಅಷ್ಟೇ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಆ ಒಂದು ಸ್ವಲ್ಪ ಎನ್ನುವ ಮಾತು ಹೊತ್ತುಕೊಂಡು ನಾನು ಅಡುಗೆಮನೆಗೆ ಬಂದೆ.

ಅವನು ಹಿಮಾಲಯಕ್ಕೆ ಹೋದ. ಗೆಲ್ಲಲಿಲ್ಲ, ನಡುವೆಲ್ಲೋ ಬಂದ. ಆದರೆ ಬೀಳದೆ ಕೆಳಗೆ ಬಂದ, ಸ್ಪ್ರಿಂಗು ಒಂದು ಸಲವೂ ತಳ ಬಡಿಯಲಿಲ್ಲ ಎಂದು ಫೋನು ಮಾಡಿದ. ಆಮೇಲೆ ಬದಲಿಯಾಯಿತು, ಮದುವೆಯಾಯಿತು. ಪ್ರತಿ ದೀಪಾವಳಿಗೆ ಫೋನು ಬರುತ್ತಿತ್ತು. ಹಬ್ಬಕ್ಕೆ ಏನು ಮಾಡಿದಿರಿ ಎಂದು ಕೇಳುತ್ತಿದ್ದ. ನಾನು ಹೋಳಿಗೆ ಬಿಟ್ಟು ಉಳಿದದ್ದೆಲ್ಲ ಹೇಳುತ್ತಿದ್ದೆ.

ಒಂದು ವರ್ಷ ಫೋನು ಬರಲಿಲ್ಲ. ಹಬ್ಬ ಕಳೆದ ಸ್ವಲ್ಪ ದಿನಕ್ಕೆ ಅವನ ಹೆಂಡತಿ ಮಾಡಿದಳು. ಜ್ವರ ತಲೆಗೇರಿ ವಾರದೊಳಗೆ ಹೋಗಿಬಿಟ್ಟನಂತೆ. ಅವನ ಪರಿಚಯದವರಿಗೆಲ್ಲ ಒಬ್ಬೊಬ್ಬರಿಗಾಗಿ ತಿಳಿಸುತ್ತಿದ್ದಳು. ಎಳೆಯ ದನಿ. ನಾನು ಅವಳನ್ನು ಕಂಡವಳೇ ಅಲ್ಲ. ಸಮಾಧಾನದ ಮಾತು ನನಗೆ ಮೊದಲೇ ಬರುವುದಿಲ್ಲ, ಹೂಂ ಹೂಂ ಅನ್ನುತ್ತಿದ್ದೆ.

"ನಿಮ್ಮ ಬಗ್ಗೆ ಅವರು ಭಾಳ ಹೇಳತಿದ್ರು, ಅವ್ವಾರ" ಎಂದಳು. "ನಾಗಪುರದಾಗ ಒಬ್ಬಾಕಿ ಅವ್ವ ಅದಾಳ, ನಾ ಗೆಲ್ಲಲಿ ಅಂತ ದೀಪಾವಳಿ ದಿನಾನೂ ಮನಸ್ಸ ಗಟ್ಟಿ ಮಾಡಿ ನನಗ ಹೋಳಿಗಿ ಹಾಕಲಿಲ್ಲ, ಆಕಿಗೆ ಎಷ್ಟ ಸಂಕಟ ಆಗಿರಬೇಕು ಅಂತಿದ್ರು. ಹೌದೇನ್ರಿ?"

ಇಲ್ಲವ್ವಾ, ಹಾಗಲ್ಲ ಎನ್ನಬೇಕೆಂದು ಬಾಯಿ ತೆರೆದೆ. ನಿಜ ಹೇಳಲು ಜೀವಮಾನದಲ್ಲಿ ಎಂದೂ ಹಿಂದೆಮುಂದೆ ನೋಡಿದವಳಲ್ಲ. ಆದರೆ ಹೇಳಿದರೆ, ಗಂಡನಿಂದ ಆ ಹುಡುಗಿಯ ಪಾಲಿಗೆ ಉಳಿದ ಈ ಒಂದು ಮಾತನ್ನೂ ನಾನೇ ಸುಳ್ಳು ಮಾಡಿದಂತಾಗುತ್ತಿತ್ತು.

"ಹೌದವ್ವಾ" ಎಂದೆ.

ಅವಳು ಅಳುತ್ತ ನನಗೆ ಉಪಕಾರ ಹೇಳಿದಳು. ನಾನು ಪೂರ್ತಿ ಕೇಳಿಸಿಕೊಂಡೆ.