ಗುಳುಮುಳುಕನ ಜೊತೆ ಉಲ್ಲಾಳದ ಕೆರೆಗೆ

ಭಾನುವಾರ ಬೆಳಿಗ್ಗೆ ರಾಜಾಜಿನಗರದ ನಮ್ಮ ಮನೆಯಿಂದ ಮೂವರು ಹೊರಟೆವು. ನಾನು, ನನ್ನ ತಂಗಿ ಕೆಂಪಮ್ಮ, ಮತ್ತು ಬಿದಿರು ಬುಟ್ಟಿಯಲ್ಲಿ ಎರಡೂ ಕಾಲಿಗೆ ಹಿಟ್ಟಿನ ಕಟ್ಟು ಹಾಕಿಸಿಕೊಂಡು ಮಲಗಿದ್ದ ಒಂದು ನೀರುಹಕ್ಕಿ. ಹಿಂದಿನ ರಾತ್ರಿ ಮಳೆ ಬಿದ್ದು ಬಿಟ್ಟಿತ್ತು. ಸಿಟಿ ಸ್ಟೇಷನ್ನಿಗೆ ಬರಲು ಜಟಕಾದವನು ಎಂಟಾಣೆ ಕೇಳಿದ. ಅಷ್ಟು ಕೊಟ್ಟು ಕುಲುಕಿಸಿಕೊಂಡು ಹೋದರೆ ಹಕ್ಕಿ ದಾರಿಯಲ್ಲೇ ಸತ್ತೀತು, ನಡೆದೇ ಹೋಗೋಣ ಎಂದು ಕೆಂಪಮ್ಮ ಹೇಳಿದಳು. ಹಾಗೆಯೇ ಮಾಡಿದೆವು.

ಪ್ರಯಾಣ ದೊಡ್ಡದೇನಲ್ಲ. ಕೆಂಗೇರಿಯವರೆಗೆ ರೈಲು, ಅಲ್ಲಿಂದ ಉಲ್ಲಾಳಕ್ಕೆ ಕಾಲ್ನಡಿಗೆ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಕಾಶಿ ರಾಮೇಶ್ವರ ನೋಡಿ ಬಂದವರು ಬರೆಯುವ ಹಾಗೆ ಬರೆಯಲು ನನಗೆ ಬರುವುದಿಲ್ಲ. ಆದರೂ ಈ ಒಂದು ದಿನದ ದಾರಿಯನ್ನು ಬರೆದಿಡಬೇಕು ಎನ್ನಿಸಿದೆ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಹಕ್ಕಿಯ ಸಂಗತಿ. ನನ್ನ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ನನಗೆ ಬೇಯಿಸಿ ಹಾಕಲು ಕೆಂಪಮ್ಮ ತನ್ನ ಗಂಡನ ಊರಾದ ಉಲ್ಲಾಳದಿಂದ ಬಂದಿದ್ದಳು. ನಮ್ಮ ಬಡಾವಣೆ ಹೊಸದು. ಮನೆಗಳಿಗಿಂತ ಮೊದಲು ರಸ್ತೆಗಳು ಬಂದಿವೆ. ನಮ್ಮ ಬೀದಿಗೆ ದಸರೆ ಮುಗಿದ ಬೆನ್ನಿಗೇ ಟಾರು ಹಾಕಿದ್ದರು. ಒಂದು ಮಳೆಯ ಮುಂಜಾನೆ ಅವಳು ಬೀದಿಯ ನಲ್ಲಿಗೆ ಕೊಡ ತೆಗೆದುಕೊಂಡು ಹೋದಾಗ, ರಸ್ತೆಯ ನಟ್ಟನಡುವೆ ಈ ಹಕ್ಕಿ ಎದೆಯೂರಿ ಬಿದ್ದಿತ್ತು. ಮುಷ್ಟಿಗಿಂತ ಸ್ವಲ್ಪ ದಪ್ಪ, ಬೂದುಗಂದು ಬಣ್ಣ, ಚೂಪು ಕೊಕ್ಕು, ಬಾಲವೇ ಇಲ್ಲ. ಹತ್ತಿರ ಹೋದರೆ ಓಡಲಿಲ್ಲ, ಹಾರಲಿಲ್ಲ, ಕುಕ್ಕಲು ಮಾತ್ರ ಬಂತು. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಕೊಡ ಖಾಲಿಯಾಗಿಯೇ ಮನೆಗೆ ಬಂದಳು.

"ಇದು ಗುಳುಮುಳುಕ ಕಣಣ್ಣ. ನಮ್ಮೂರ ಕೆರೇಲಿ ಬೇಕಾದಷ್ಟಿವೆ," ಎಂದಳು.

ನಮ್ಮದು ಹೇರೋಹಳ್ಳಿಯ ಮೂಳೆ ಕಟ್ಟುವವರ ಮನೆ. ಅಪ್ಪ ಕಟ್ಟಿದ ಕಾಲಿನಲ್ಲಿ ಜನ ತಿರುಪತಿ ಬೆಟ್ಟ ಹತ್ತಿದ್ದಾರೆ. ನಾನು ಮಾಗಡಿ ರಸ್ತೆಯ ಒಂದು ಗಿರಣಿಯಲ್ಲಿ ನೂಲು ವಿಭಾಗಕ್ಕೆ ಸೇರಿದರೂ, ಕೈ ಉಳುಕಿದವರು, ಕೀಲು ತಪ್ಪಿದವರು ಪಾಳಿ ಮುಗಿಸಿ ನಮ್ಮ ಜಗಲಿಗೆ ಬರುತ್ತಾರೆ. ನಾನು ಹಕ್ಕಿಯನ್ನು ನೆಲದ ಮೇಲೆ ನಿಲ್ಲಿಸಿದೆ. ಮುಂದಕ್ಕೆ ಮುಗ್ಗರಿಸಿತು. ಮತ್ತೆ ನಿಲ್ಲಿಸಿದೆ, ಮತ್ತೆ ಮುಗ್ಗರಿಸಿತು. ಕಾಲುಗಳು ಇರಬೇಕಾದ ಜಾಗದಲ್ಲಿ ಇರಲಿಲ್ಲ, ತೀರ ಹಿಂದೆ, ಬಾಲವಿರಬೇಕಾದ ಕಡೆ ಇದ್ದವು. ಮೇಲಿಂದ ಬಿದ್ದು ಎರಡೂ ಕೀಲು ಹಿಂದಕ್ಕೆ ಜಾರಿವೆ ಎಂದೆ.

ಕೆಂಪಮ್ಮ ಮೆಲ್ಲಗೆ, "ಇವು ನಡೆಯೋದನ್ನ ನಾನು ಯಾವತ್ತೂ ನೋಡಿಲ್ಲ ಅಣ್ಣ. ದಿನಾ ಕೆರೇಲಿ ಬಟ್ಟೆ ಒಗೀತೀನಿ, ಯಾವಾಗ್ಲೂ ನೀರಲ್ಲೇ ಇರ್ತವೆ. ಒಂದ್ಸಲ ನೀರಿಗೆ ಬಿಟ್ಟು ನೋಡೋಣ," ಎಂದಳು.

"ಮೂಳೆ ವಿಷಯ ನಂಗೆ ಹೇಳ್ಕೊಡ್ತೀಯಾ?" ಎಂದೆ.

ಅವಳು ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಕಲಸಿಕೊಟ್ಟಳು. ನಾನು ಎರಡೂ ಕಾಲನ್ನು ಮುಂದಕ್ಕೆಳೆದು, ಬಿದಿರಿನ ಸಣ್ಣ ದಬ್ಬೆ ಇಟ್ಟು, ಹಳೆ ಪಂಚೆಯ ಅಂಚು ಹರಿದು ಸುತ್ತಿದೆ. ಎಳೆದಾಗ ಹಕ್ಕಿ ಕೀಚೆಂದಿತು. ಕೀಲು ಕೂತಿತು ಎಂದು ನಾನು ಅಂದುಕೊಂಡೆ.

ಅಪ್ಪ ಕಲಿಸಿದ ಮೊದಲ ಪಾಠವೊಂದಿದೆ. ಕೆಟ್ಟ ಕಾಲು ಮುಟ್ಟುವ ಮುಂಚೆ ಒಳ್ಳೆಯ ಕಾಲನ್ನು ಮುಟ್ಟಿ ನೋಡು, ದೇವರು ಜೋಡಿ ಕೊಟ್ಟಿರುವುದೇ ಒಂದು ಇನ್ನೊಂದಕ್ಕೆ ಅಳತೆಯಾಗಲಿ ಎಂದು. ಈ ಹಕ್ಕಿಗೆ ಎರಡು ಕಾಲೂ ಒಂದೇ ರೀತಿ, ಒಂದೇ ಅಳತೆಯಲ್ಲಿ ಹಿಂದಕ್ಕಿದ್ದವು. ಅಷ್ಟು ಸರಿಸಮನಾಗಿ ಎರಡು ಕೀಲು ಜಾರುವುದುಂಟೇ? ಅಪ್ಪನಾಗಿದ್ದರೆ ಅಲ್ಲಿಗೇ ಕೈ ತೆಗೆಯುತ್ತಿದ್ದ.

ಹಕ್ಕಿ ಏನೂ ತಿನ್ನಲಿಲ್ಲ. ಅನ್ನ ಹಾಕಿದೆವು, ಎರೆಹುಳು ಹಾಕಿದೆವು. ಕೆಂಪಮ್ಮ ಗೋಣಿಯ ಮೇಲೆ ಅದನ್ನು ಮಲಗಿಸಿ ಕೊಕ್ಕಿಗೆ ನೀರು ಹನಿಸುತ್ತಿದ್ದಳು. ಎದೆಯ ಮೂಳೆ ದಿನದಿಂದ ದಿನಕ್ಕೆ ಚೂಪಾಯಿತು. ಅವಳು ಊರಿಗೆ ಹೊರಡುವ ಭಾನುವಾರ ಬಂದಾಗ, ಜೊತೆಗೆ ತೆಗೆದುಕೊಂಡು ಹೋಗುತ್ತೇನೆ, ಬದುಕಿದರೆ ಕೆರೆಗೆ ಬಿಡುತ್ತೇನೆ ಎಂದಳು. ಕಟ್ಟು ಮಾತ್ರ ನಾನು ಹೇಳುವ ತನಕ ಬಿಚ್ಚಬಾರದು ಎಂದು ನಾನು ಕರಾರು ಹಾಕಿದೆ. ಅದನ್ನು ನೋಡಿಕೊಳ್ಳಲೆಂದೇ ನಾನೂ ಹೊರಟೆ. ಹತ್ತಿರದಲ್ಲೇ ಒಂದು ಕೆರೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅದರ ಏರಿ ಒಡೆದು, ಅಂಗಳದಲ್ಲಿ ಇಟ್ಟಿಗೆ ಸುಡುತ್ತಿದ್ದಾರೆ. ನಮ್ಮ ಬೀದಿಯ ಮನೆಗಳೆಲ್ಲ ಆ ಕೆರೆಯ ಮಣ್ಣಿನವೇ.

ಓಕಳೀಪುರದ ಮೇಲೆ ಹಾಯ್ದು ಸ್ಟೇಷನ್ ತಲುಪುವಾಗ ಬಿಸಿಲು ಏರಿತ್ತು. ಮೈಸೂರು ಪ್ಯಾಸೆಂಜರಿನ ಮೂರನೇ ಕ್ಲಾಸಿಗೆ ಎರಡು ಟಿಕೀಟು ತೆಗೆದೆ. ಡಬ್ಬಿ ತುಂಬಿತ್ತು. ಕಿಟಕಿಯ ಪಕ್ಕ, ರಾಮನಗರಕ್ಕೆ ಹೋಗುವ ಒಬ್ಬ ರೇಷ್ಮೆಗೂಡಿನ ವ್ಯಾಪಾರಿ ಕಾಲು ಮಡಚಿ ಕೂತಿದ್ದ. ಕೆಂಪಮ್ಮನಿಗೆ ಜಾಗ ಬಿಟ್ಟುಕೊಟ್ಟು ಬುಟ್ಟಿಯೊಳಗೆ ಇಣುಕಿದ.

"ಏನಮ್ಮಾ, ಈಗ ಕೋಳಿಗೂ ಹಿಟ್ಟಿನ ಕಟ್ಟು ಕಟ್ತಾರಾ? ಸಾರಿಗೆ ಹಾಕೋಕೆ ಮುಂಚೆ ವಾಸಿ ಮಾಡ್ಬೇಕಾ?" ಎಂದ. ಸುತ್ತಲಿನವರು ನಕ್ಕರು.

"ಕೋಳಿಯಲ್ಲ, ಕೆರೆ ಹಕ್ಕಿ," ಎಂದಳು ಕೆಂಪಮ್ಮ. "ನಮ್ಮಣ್ಣ ಕಟ್ಟಿರೋದು. ಹೇರೋಹಳ್ಳಿ ಕಟ್ಟು ಅಂದ್ರೆ ಕೇಳಿಲ್ವಾ ನೀವು? ಕಟ್ಟಿದ್ಮೇಲೆ ಕೂಡ್ಲೇಬೇಕು."

ಹಾಗೆ ಹೇಳುವಾಗ ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡದ್ದನ್ನು ನಾನು ನೋಡಿದೆ. ಆ ಕೈಯ ಮಾತನ್ನು ಇಲ್ಲಿ ಹೇಳಲೇಬೇಕು. ಮದುವೆಗೆ ಮುಂಚೆ ಅವಳು ಕೆರೆಯ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಅಪ್ಪ ಮಾಗಡಿಯ ಕಡೆ ಯಾರಿಗೋ ಕಟ್ಟಲು ಹೋಗಿದ್ದ. ಅವನು ಬರುವಷ್ಟರಲ್ಲಿ ನಾನೇ ಕಟ್ಟಿ ಮೆಚ್ಚಿಸಬೇಕೆಂದುಕೊಂಡು, ಅವಳ ಒಳ್ಳೆಯ ಕೈಯನ್ನು ಮುಟ್ಟಿಯೂ ನೋಡದೆ ಕಟ್ಟಿದೆ. ಬಿಚ್ಚಿದಾಗ ಕೈ ಒಳಕ್ಕೆ ಸೊಟ್ಟಗಾಗಿತ್ತು. ಅಪ್ಪ ನನ್ನ ಮುಖ ನೋಡಿದ. ಇವಳು ಸುಮ್ಮನಿರಲಿಲ್ಲ, ಕೈ ಆಡಿಸಿದಳು ಎಂದುಬಿಟ್ಟೆ. ಅಪ್ಪ ಅವಳನ್ನೇ ಬೈದ. ಅವಳು ಎದುರು ಮಾತಾಡಲಿಲ್ಲ. ಇವತ್ತಿಗೂ ಮುದ್ದೆ ತೊಳಸುವಾಗ ಕೋಲನ್ನು ಕಂಕುಳಲ್ಲಿ ಒತ್ತಿಕೊಂಡು ಒಂದೇ ಕೈಯಲ್ಲಿ ತಿರುವುತ್ತಾಳೆ. ನನ್ನ ಮನೆಯಲ್ಲಿ ಅಷ್ಟು ದಿನ ಆ ಮುದ್ದೆಯನ್ನೇ ನಾನು ತಿಂದೆ.

ನಾಯಂಡಹಳ್ಳಿಯಲ್ಲಿ ಎದುರು ಗಾಡಿಗಾಗಿ ನಮ್ಮ ರೈಲು ಬಹಳ ಹೊತ್ತು ನಿಂತಿತು. ಎಂಜಿನ್ನಿನ ಸದ್ದು ಅಡಗಿದಾಗ ಹೊಳೆಯ ಕಡೆಯಿಂದ ಯಾವುದೋ ಹಕ್ಕಿ ಕಿಲಕಿಲ ಎಂದು ಉದ್ದಕ್ಕೆ ಕೂಗಿತು. ಬುಟ್ಟಿಯಲ್ಲಿ ಸತ್ತಂತೆ ಮಲಗಿದ್ದ ನಮ್ಮದು ಕುತ್ತಿಗೆ ಎತ್ತಿತು. ಆಮೇಲೆ ಎರಡೂ ಕಾಲನ್ನು, ಕಟ್ಟಿನ ಸಮೇತ, ಒಮ್ಮೆಗೇ ಹಿಂದಕ್ಕೆ ಒದ್ದಿತು. ಮತ್ತೆ ಒದ್ದಿತು. ದಬ್ಬೆಗಳು ಬುಟ್ಟಿಯ ಬಿದಿರಿಗೆ ಕರಕರ ಉಜ್ಜಿದವು. ನಾನು ಬುಟ್ಟಿಗೆ ಕೈ ಹಾಕಿ ತಡೆಯಲು ಹೋದೆ. ಆ ಸಣ್ಣ ಜೀವ ನನ್ನ ಅಂಗೈಯನ್ನು ಒತ್ತಿದ ಬಲವನ್ನು ಹೇಗೆ ಹೇಳಲಿ! ಮುರಿದ ಕಾಲು, ಜಾರಿದ ಕೀಲು ಹಾಗೆ ಒದೆಯುವುದಿಲ್ಲ. ಅದು ನನಗೆ ಗೊತ್ತು, ನನ್ನ ಕೈಗೆ ಗೊತ್ತು. ಕಾಲುಗಳು ಹುಟ್ಟಿದಾಗಿನಿಂದ ಅಲ್ಲೇ ಇದ್ದವು, ನೀರನ್ನು ಹಿಂದಕ್ಕೆ ತಳ್ಳಲು. ಚೆನ್ನಾಗಿದ್ದ ಕಾಲಿಗೆ ನಾನು ಸಂಕೋಲೆ ಹಾಕಿದ್ದೆ.

"ಏನಾಯ್ತಣ್ಣ?" ಎಂದಳು ಕೆಂಪಮ್ಮ.

"ಏನಿಲ್ಲ. ಬಾಯಾರಿಕೆ ಇರ್ಬೇಕು," ಎಂದೆ.

ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಮುಖ್ಯವಾಗಿ ಇದೇ. ಅರಿಯದೆ ಕಟ್ಟಿದ್ದು ಒಂದು ತಪ್ಪು. ಅರಿತ ಮೇಲೂ ಅಲ್ಲೇ ಬಿಚ್ಚಲಿಲ್ಲ. ವ್ಯಾಪಾರಿ ಎದುರಿಗೆ ಕೂತಿದ್ದ, ಹೇರೋಹಳ್ಳಿ ಕಟ್ಟಿನ ಹೆಸರು ಆಗತಾನೆ ಎದ್ದಿತ್ತು. ನಾಯಂಡಹಳ್ಳಿಯಿಂದ ಉಲ್ಲಾಳದ ತನಕ, ಹಕ್ಕಿ ಸಾಯುತ್ತಿದೆ ಎಂದು ತಿಳಿದೂ ಬಾಯಿ ಮುಚ್ಚಿಕೊಂಡು ಬಂದೆ.

ಕೆಂಗೇರಿಯಲ್ಲಿ ಇಳಿದಾಗ ಬಿಸಿಲು ಚುರುಕಾಗಿತ್ತು. ಸ್ಟೇಷನ್ನಿನ ಹೊರಗೆ ಒಬ್ಬ ಮುದುಕಿ ಎಲೆಯಲ್ಲಿ ಇಡ್ಲಿ, ಹುಚ್ಚೆಳ್ಳು ಚಟ್ನಿ ಮಾರುತ್ತಿದ್ದಳು. ಕೆಂಪಮ್ಮ ನನಗೆ ಕೊಡಿಸಿದಳು, ತಾನು ತಿನ್ನಲಿಲ್ಲ, ಹಕ್ಕಿಯ ಕಣ್ಣು ಮುಚ್ಚಿಕೊಳ್ಳುತ್ತಿದೆ, ಬೇಗ ನಡಿ ಎಂದಳು. ಗಾಡಿ ಜಾಡಿನಲ್ಲಿ ಮಳೆಯ ಕೆಸರು ಇನ್ನೂ ಇತ್ತು. ಎರಡೂ ಕಡೆ ರಾಗಿ ತೆನೆ ಬಿಟ್ಟಿತ್ತು, ನಡುನಡುವೆ ಅವರೆಯ ಸಾಲು. ಅವಳು ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿ ಮುಂದೆ ನಡೆಯುತ್ತಿದ್ದಳು. ಬುಟ್ಟಿ ಕೊಡು ಎಂದು ಕೇಳಿದೆ. ಕೊಡಲಿಲ್ಲ.

ಕೆರೆ ತುಂಬಿ ಕೋಡಿಯ ಮಟ್ಟಕ್ಕೆ ಬಂದಿತ್ತು. ಏರಿ ಇಳಿದು, ಅವಳು ದಿನಾ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬುಟ್ಟಿ ಇಟ್ಟಳು. ಮನೆಗೆ ಹೋಗೋಣವೇ ಎಂದು ಕೇಳಿದಳು. ನಾನು ನೀರಿಗಿಳಿದು, ಹಕ್ಕಿಯನ್ನು ಕೈಗೆ ತೆಗೆದುಕೊಂಡು, ಕಟ್ಟನ್ನು ನೀರಿನಲ್ಲಿ ನೆನೆಸಿದೆ. ಹಿಟ್ಟು ಮೆತ್ತಗಾಗಲು ಹೊತ್ತು ಹಿಡಿಯಿತು. ಬಟ್ಟೆಯ ಸುತ್ತು ಒಂದೊಂದಾಗಿ ಬಿಚ್ಚಿದೆ. ದಬ್ಬೆ ಒತ್ತಿದ ಕಡೆ ಚರ್ಮ ಹರಿದು ಕೆಂಪಗಾಗಿತ್ತು. ಹುಣಸೆ ಬೀಜದಂತೆ ಅಗಲವಾದ ಬೆರಳುಗಳು ಮೆಲ್ಲಗೆ ಬಿಚ್ಚಿಕೊಂಡವು. ಅಂಗೈಯನ್ನು ನೀರಿಗಿಳಿಸಿ ಕೈ ಬಿಟ್ಟೆ.

ಹಕ್ಕಿ ಒಂದು ಕ್ಷಣ ತೇಲಿತು. ಪಕ್ಕಕ್ಕೆ ವಾಲಿತು. ಆಮೇಲೆ ಸದ್ದೇ ಇಲ್ಲದೆ ಮುಳುಗಿಹೋಯಿತು.

ನೀರು ಕೂಡಿಕೊಂಡಿತು. ನಾವು ನೋಡುತ್ತಲೇ ನಿಂತೆವು. ಅದು ಮುಳುಗುವ ಜಾತಿಯೆಂದು ಇಬ್ಬರಿಗೂ ಗೊತ್ತು, ಹೆಸರೇ ಹೇಳುತ್ತದೆ. ಆದರೆ ಏಳಬೇಕಾದ ಹೊತ್ತು ಮೀರಿತು. ಅಷ್ಟು ದಿನ ಕಟ್ಟಿದ ಕಾಲಿನಲ್ಲಿ ಶಕ್ತಿಯೆಲ್ಲಿ ಉಳಿದೀತು? ಕೆಳಗಿನ ಕೆಸರಿನಲ್ಲಿ ಅದು ಕಾಲಾಡಿಸಲಾರದೆ ಬಿದ್ದಿರುವುದು ನನಗೆ ಕಂಡಂತಾಯಿತು. ನೀರಿನ ಮೇಲೆ ಕಣ್ಣಿಟ್ಟೇ ಮಾತಾಡಿದೆ.

"ಕಾಲು ಚೆನ್ನಾಗೇ ಇತ್ತು ಕಣೇ. ರೈಲಲ್ಲೇ ಗೊತ್ತಾಯ್ತು. ನಿನ್ನ ಕೈನೂ ಅಷ್ಟೆ, ನೀನು ಆಡಿಸಿರ್ಲಿಲ್ಲ. ನಾನು ಸೊಟ್ಟಗೆ ಕಟ್ಟಿದ್ದು. ಅಪ್ಪನ ಹತ್ರ ಸುಳ್ಳು ಹೇಳ್ದೆ."

ಎಷ್ಟು ಹೊತ್ತು ಹೋಯಿತೋ. ದೂರದಲ್ಲಿ, ಜೊಂಡಿನ ಅಂಚಿನಲ್ಲಿ, ಒಂದು ಸಣ್ಣ ತಲೆ ಮೇಲೆ ಬಂತು. ಒಂದು ಸಲ ನೀರು ಕೊಡವಿತು. ಕೊಕ್ಕಿನಲ್ಲಿ ಏನೋ ಹೊಳೆಯುತ್ತಿತ್ತು, ಮೀನಿನ ಮರಿಯೇ ಇರಬೇಕು. ನುಂಗಿ ಮತ್ತೆ ಮುಳುಗಿತು.

ಕೆಂಪಮ್ಮ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಸೆರಗಿನಲ್ಲಿ ತಿಳಿಯಲಿಲ್ಲ.

"ಅದು ಮುಳುಗಿದ್ದಕ್ಕೆ ಹೇಳ್ದೆ ನೀನು," ಎಂದಳು. "ತಕ್ಷಣ ಎದ್ದಿದ್ರೆ ಹೇಳ್ತಿರ್ಲಿಲ್ಲ."

ಅದು ನಿಜ. ನಾನು ತಲೆ ತಗ್ಗಿಸಿದೆ.

"ನಾನು ಕೈ ಆಡಿಸಿಲ್ಲ ಅಂತ ನಂಗೊತ್ತಿಲ್ವಾ ಅಣ್ಣ? ನಿಂಗೊತ್ತಿದ್ಯೋ ಇಲ್ವೋ, ಅದು ಗೊತ್ತಿರ್ಲಿಲ್ಲ. ಇಷ್ಟು ವರ್ಷ ಅದೊಂದೇ ಯೋಚನೆ ನಂಗೆ."

ಅವಳ ಮನೆಯಲ್ಲಿ ಊಟವಾಯಿತು. ಗಂಡ ಹೊಲದಿಂದ ಬಂದು ಹಕ್ಕಿಯ ಕಥೆ ಕೇಳಿ, ಪಟ್ಟಣಕ್ಕೆ ಹೋದ ಹೆಂಡತಿ ಸೀರೆ ತರುತ್ತಾಳೆಂದಿದ್ದರೆ ಖಾಲಿ ಬುಟ್ಟಿ ತಂದಳು ಎಂದು ಹಂಗಿಸಿದ. ರೈಲಿನಲ್ಲಿ ವ್ಯಾಪಾರಿ ಆಡಿದ್ದನ್ನು ಅವಳು ಅವನಿಗೆ ಹೇಳಿದಳು. ಕಾಲು ಚೆನ್ನಾಗೇ ಇತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ನಾನೇ ಹೇಳಿದೆ. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಅವಳ ಕೈಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಆಮೇಲೆ ಸಾರು ನನ್ನ ಕಡೆಗೆ ಸರಿಸಿದ.

ಸಂಜೆಯ ಗಾಡಿಗೆ ಹೊರಟಾಗ ಕೆಂಪಮ್ಮ ಏರಿಯವರೆಗೆ ಬಂದಳು. ಅಲ್ಲಿ ನಾನು ಅವಳ ಬಲಗೈಯನ್ನು ಹಿಡಿದು, ಹೆಬ್ಬೆರಳಿನಿಂದ ಮಣಿಕಟ್ಟಿನ ಸುತ್ತ ಒತ್ತಿ ನೋಡಿದೆ. ಮೂಳೆ ಎಲ್ಲಿ ಏಳಬೇಕು, ಎಲ್ಲಿ ಇಳಿಯಬೇಕು, ಎಲ್ಲ ತಿಳಿಯಿತು. ಆಮೇಲೆ ಎಡಗೈ ಹಿಡಿದೆ.

"ಈಗೇನು, ಮತ್ತೆ ಕಟ್ತೀಯಾ?" ಎಂದಳು.

"ಇಲ್ಲ. ಅವತ್ತು ನೋಡಿರ್ಲಿಲ್ಲ, ನೋಡ್ತಿದೀನಿ."

ಅವಳು ಕೈ ಎಳೆದುಕೊಳ್ಳಲಿಲ್ಲ. ನಾನು ನೋಡಿ ಮುಗಿಸುವ ತನಕ ಹಾಗೇ ಕೊಟ್ಟು ನಿಂತಿದ್ದಳು. ಆಮೇಲೆ ಹಸುವಿಗೆ ಹೊತ್ತಾಯಿತೆಂದು ಹೊರಟುಹೋದಳು.

ಏರಿಯ ತುದಿಯಿಂದ ಒಮ್ಮೆ ತಿರುಗಿ ನೋಡಿದೆ. ಕೆರೆಯ ಮೇಲೆ ಸಂಜೆಯ ಬೆಳಕು ಮಳೆಯಲ್ಲಿ ನೆಂದ ನಮ್ಮ ಬೀದಿಯ ಹೊಸ ಟಾರಿನಂತೆಯೇ ಹೊಳೆಯುತ್ತಿತ್ತು. ನಮ್ಮ ಹಕ್ಕಿ ಅವತ್ತು ಅದನ್ನೇ ನೀರೆಂದುಕೊಂಡು ಇಳಿದಿರಬೇಕು. ಗುಳುಮುಳುಕಗಳು ಅಲ್ಲಲ್ಲಿ ಹರಡಿಕೊಂಡಿದ್ದವು. ನಮ್ಮದು ಯಾವುದೆಂದು ಗುರುತು ಹತ್ತಲಿಲ್ಲ. ಅವುಗಳಲ್ಲಿ ಒಂದು ಮುಳುಗಿತು. ಅದು ಏಳುವ ತನಕ ನಿಂತಿದ್ದು, ಆಮೇಲೆ ಕೆಂಗೇರಿಯ ದಾರಿ ಹಿಡಿದೆ.